ಒಂದು ಬಡಿದ್ರೆ ನಿಲ್ಸು, ಎರಡು ಬಡಿದ್ರೆ ಇಳಿಸು

ಇಂಗಳದಾಳ್ ಅಂದ್ರೆ ಇಲ್ಲಿ ಎಷ್ಟು ಜನಕ್ಕೆ ಗೊತ್ತು, ಸುಮ್ನೆ ಕೈ ಎತ್ತಿ ನೋಡೋಣ. ಏಳೆಂಟು ಕೈ ಕಾಣ್ತಿದಾವೆ, ದುರ್ಗದ ಕಡೆ ನೆಂಟಸ್ತನ ಇರೋರೇ ಇರ್ಬೇಕು. ದಾವಣಗೆರೆಲಿ ಇಷ್ಟು ಕೈ ಎದ್ದಿದ್ದೇ ಜಾಸ್ತಿ ಬಿಡಿ. ಉಳಿದೋರಿಗೆ ಹೇಳ್ತೀನಿ, ಚಿತ್ರದುರ್ಗ ಪೇಟೆ ದಾಟಿ ಗುಡ್ಡ ಬಳಸ್ಕೊಂಡು ಹೋದ್ರೆ ಸಿಗೋ ಊರು, ದೂರ ಏನಿಲ್ಲ. ಊರು ಈಗ್ಲೂ ಇದೆ, ಊರಿಗೇನೂ ಆಗಿಲ್ಲ. ನಾನು ಹೇಳೋಕೆ ಬಂದಿರೋದು ಊರಿನ ಪಕ್ಕದಲ್ಲಿದ್ದ ಇನ್ನೊಂದು ಊರಿನ ಕಥೆ, ತಾಮ್ರದ ಗಣಿ ಕಾಲೋನಿದು. ನಾವೆಲ್ಲ ಅದನ್ನ ಕಾಪರ್ ಮೈನ್ ಅಂತಿದ್ವಿ, ನಮ್ಮ ಅವ್ವ ಮಾತ್ರ ಇವತ್ತಿಗೂ ಕಾಪ್ರ ಮೈನು ಅಂತಾಳೆ. ನಾನು ಹುಟ್ಟಿ ಬೆಳೆದಿದ್ದು ಅಲ್ಲೇ, ಎಂಬತ್ತರ ದಶಕದಲ್ಲಿ, ಎರಡು ರೂಮಿನ ಕ್ವಾರ್ಟರ್ಸಲ್ಲಿ.

ನಾನು ಹೈಸ್ಕೂಲಲ್ಲಿ ಸೈನ್ಸ್ ಪಾಠ ಮಾಡ್ತೀನಿ, ಮಕ್ಕಳಿಗೆ ನಾನು ಗಣಿ ಕಾಲೋನಿಲಿ ಬೆಳೆದೋಳು ಅಂದ್ರೆ ಮೊದಲ ಪ್ರಶ್ನೆ, ಕಲ್ಲಿದ್ದಲು ಗಣಿನಾ ಮಿಸ್? ಯಾಕೋ ಗೊತ್ತಿಲ್ಲ, ಗಣಿ ಅಂದ್ರೆ ಮುಖಕ್ಕೆ ಮಸಿ ಬಳ್ಕೊಂಡು ಬರೋ ಮನುಷ್ಯನೇ ಎಲ್ಲರ ತಲೇಲಿ ಇರೋದು. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲು ಗಣಿ ಇಲ್ಲ ಕಣ್ರೋ, ರಾಯಚೂರು ಥರ್ಮಲ್‌ಗೆ ಸುಡೋ ಕಲ್ಲಿದ್ದಲು ಸಿಂಗರೇಣಿ ಕಡೆಯಿಂದ, ಇನ್ನೂ ಆಚೆಯಿಂದ ರೈಲಲ್ಲಿ ಬರುತ್ತೆ ಅಂತೀನಿ. ಇದಕ್ಕೊಂದು ಚೆಂದದ ಕಾರಣ ಇದೆ, ಸ್ವಲ್ಪ ದಾರಿ ತಪ್ತೀನಿ, ಕ್ಷಮಿಸಿ. ಕಲ್ಲಿದ್ದಲು ಆಗ್ಬೇಕು ಅಂದ್ರೆ ಮೊದಲು ಕಾಡು ಇರ್ಬೇಕು. ಸಿಂಗರೇಣಿ, ಝರಿಯಾದ ಕಲ್ಲಿದ್ದಲೆಲ್ಲ ಹೆಚ್ಚುಕಮ್ಮಿ 25–30 ಕೋಟಿ ವರ್ಷದ ಹಿಂದಿನ ಕಾಡು, ಕೊಳೆತು ಹೂತು ಕಲ್ಲಾಗಿದ್ದು. ನಮ್ಮ ದುರ್ಗದ ಕಲ್ಲಿಗೆ ಸುಮಾರು 250 ಕೋಟಿ ವರ್ಷ. ಆ ಕಲ್ಲು ಹುಟ್ಟಿದಾಗ ಭೂಮಿ ಮೇಲೆ ಮರ ಹೋಗ್ಲಿ, ಒಂದು ಗರಿಕೆ ಹುಲ್ಲೂ ಇರ್ಲಿಲ್ಲ. ಮತ್ತೆ ಏನಿತ್ತು? ಸಮುದ್ರ ಇತ್ತು. ನಂಬಲ್ಲ ಅಂದ್ರೆ ಹತ್ತಿರದಲ್ಲೇ ಮರಡಿಹಳ್ಳಿಗೆ ಹೋಗಿ ನೋಡಿ, ಅಲ್ಲಿ ಬಂಡೆ ಪೂರ್ತಿ ದಿಂಬು ಜೋಡಿಸಿಟ್ಟ ಹಾಗಿದೆ, ನೀರಿನ ಅಡಿಲಿ ಲಾವಾ ಉಕ್ಕಿದ್ರೆ ಮಾತ್ರ ಹಾಗೆ ದಿಂಬು ದಿಂಬಾಗಿ ಗಟ್ಟಿ ಆಗೋದು. ಜಿಯಾಲಾಜಿಕಲ್ ಸರ್ವೇಯೋರು ಅದನ್ನ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದ್ದಾರೆ. ಅದೇ ಸಮುದ್ರದ ಅಡಿಯ ಜ್ವಾಲಾಮುಖಿ ಕಲ್ಲೊಳಗೆ ನಮ್ಮ ತಾಮ್ರ ಕೂತಿದ್ದು. ನಮ್ಮ ಅಪ್ಪಾಜಿಗೆ ನಾನು ಬಿಎಸ್ಸಿ ಓದುವಾಗ ಇದನ್ನ ಹೇಳಿದೆ, ನೀವು ಇಷ್ಟು ವರ್ಷ ಇಳೀತಿದ್ದಿದ್ದು ಸಮುದ್ರದ ತಳಕ್ಕೆ ಅಂತ. ಅವರು ಸ್ವಲ್ಪ ಹೊತ್ತು ಸುಮ್ನಿದ್ದು, ಅದಕ್ಕೇ ಅಷ್ಟು ನೀರು ಜಿನುಗ್ತಿತ್ತು ನೋಡು ಅಂದ್ರು.

ಗಣಿ ಅಲ್ಲಿ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಹಳೆ ಕಾಲದೋರು ತೋಡಿ ಬಿಟ್ಟ ಗುಂಡಿಗಳು ಆ ಗುಡ್ಡದಲ್ಲಿ ಇದ್ವು, ದೊಡ್ಡೋರು ನಮ್ಮನ್ನ ಆ ಕಡೆ ಸುಳಿಯೋಕೆ ಬಿಡ್ತಿರ್ಲಿಲ್ಲ. ಈ ಕಾಲದ ಗಣಿ ನಡೆಸಿದ್ದು ಚಿತ್ರದುರ್ಗ ಕಾಪರ್ ಕಂಪನಿ, ಆಮೇಲೆ ಅದು ಹಟ್ಟಿ ಚಿನ್ನದ ಗಣಿ ಕಂಪನಿ ಜತೆ ಸೇರ್ಕೊಂತು. ಕಂಪನಿ ಇತಿಹಾಸ ಇಷ್ಟು ಸಾಕು, ನನಗೆ ಹೇಳೋಕಿರೋದು ಮನೆ ಒಳಗಿಂದು.

ನಮ್ಮ ಅಪ್ಪಾಜಿ ಚಳ್ಳಕೆರೆ ಕಡೆ ಹಳ್ಳಿಯೋರು, ಶೇಂಗಾ ಬಿತ್ತೋ ಮನೆತನ, ಎರಡು ವರ್ಷ ಮಳೆ ಕೈ ಕೊಟ್ಟಾಗ ಯಾರೋ ಕಾಪರ್ ಮೈನಲ್ಲಿ ಜನ ತಗೋತಿದಾರಂತೆ ಅಂದಿದ್ದಕ್ಕೆ ಒಂದು ಜತೆ ಬಟ್ಟೆ ಕಟ್ಕೊಂಡು ಬಂದೋರು, ಮೊದಲು ಕಲ್ಲು ತುಂಬೋ ಕೆಲಸ, ಆಮೇಲೆ ಬೆಲ್‌ಮ್ಯಾನ್. ಬೆಲ್‌ಮ್ಯಾನ್ ಅಂದ್ರೆ ಸ್ಕೂಲ್ ಬೆಲ್ ಹೊಡೆಯೋನು ಅನ್ಕೊಂಡು ನನ್ನ ಫ್ರೆಂಡ್ಸ್ ನಗ್ತಿದ್ರು. ಗಣಿಗೆ ಇಳಿಯೋದು ಶಾಫ್ಟಲ್ಲಿ, ಅದೊಂದು ನೆಟ್ಟಗಿನ ಬಾವಿ ಅಂದ್ಕೊಳ್ಳಿ. ಅದರೊಳಗೆ ಕೇಜ್, ಕಬ್ಬಿಣದ ಪಂಜರ, ಅದನ್ನ ಹಗ್ಗದಲ್ಲಿ ಎಳೆಯೋ ಮೆಷಿನ್ ಮೇಲೆ ವೈಂಡರ್ ಮನೇಲಿ ಇರುತ್ತೆ. ಮೆಷಿನ್ ನಡೆಸೋ ಮನುಷ್ಯನಿಗೆ ಕೆಳಗೆ ಏನಾಗ್ತಿದೆ ಅಂತ ಕಾಣಲ್ಲ. ಅವನಿಗೆ ಕೇಳ್ಸೋದು ಕೆಳಗಿಂದ ಬೆಲ್‌ಮ್ಯಾನ್ ಕೊಡೋ ಗಂಟೆ ಒಂದೇ. ಒಂದು ಬಡಿದ್ರೆ, ಕೇಜ್ ಓಡ್ತಿದ್ರೆ ನಿಲ್ಸು, ನಿಂತಿದ್ರೆ ಎತ್ತು. ಎರಡು ಬಡಿದ್ರೆ ಇಳಿಸು. ಮೂರು ಬಡಿದ್ರೆ ಕಲ್ಲಲ್ಲ, ಮನುಷ್ಯರು ಹತ್ತುತಿದಾರೆ, ಹುಷಾರು. ಇಷ್ಟರ ಮೇಲೆ ಅಷ್ಟೂ ಜನರ ಜೀವ.

ಇದು ಗಣಿ ಒಳಗಿನ ಭಾಷೆ ಆಯ್ತಾ, ಆದ್ರೆ ನಮ್ಮ ಮನೆ ಒಳಗೂ ಇದೇ ನಡೀತಿತ್ತು. ಯಾವಾಗ ಶುರುವಾಯ್ತೋ ಯಾರಿಗೂ ನೆನಪಿಲ್ಲ. ನಾನು ನಮ್ಮ ಅಣ್ಣ ಜಗಳ ಆಡ್ತಿದ್ರೆ ಅವ್ವ ಅಡುಗೆ ಮನೆಯಿಂದ ಸೌಟಲ್ಲಿ ತಟ್ಟೆ ಮೇಲೆ ಟಣ್ ಅಂತ ಒಂದು ಬಡಿಯೋಳು, ನಿಲ್ಸು ಅಂತ. ಅಪ್ಪಾಜಿ ನೈಟ್ ಶಿಫ್ಟ್ ಮುಗಿಸಿ ಮಲಗಿದ್ದಾಗ ನಾವು ಕೂಗಾಡಿದ್ರೆ ಎರಡು, ಟಣ್ ಟಣ್, ದನಿ ಇಳಿಸು. ಯಾರಾದ್ರೂ ನೆಂಟರು ಬಾಗಿಲಿಗೆ ಬಂದ್ರೆ ಮೂರು, ಜನ ಬಂದ್ರು, ಚಾಪೆ ಹಾಸು, ಚಡ್ಡಿ ಹಾಕ್ಕೋ. ಬಾತ್‌ರೂಮಲ್ಲಿ ಅಣ್ಣ ಜಾಸ್ತಿ ಹೊತ್ತು ಕೂತ್ರೆ ನಾನು ಬಾಗಿಲಿಗೆ ಒಂದು ಬಡಿಯೋಳು. ಅವನು ಒಳಗಿಂದ ತಿರುಗಿ ಒಂದು ಬಡಿಯೋನು, ಅದು ಯಾವ ರೂಲ್ ಬುಕ್ಕಲ್ಲೂ ಇಲ್ಲದ ಸಿಗ್ನಲ್ಲು.

ಕಾಲೋನಿ ಮಕ್ಕಳ ಆಟನೂ ಅದೇ. ಹಿತ್ತಲ ಬೇವಿನ ಮರದ ಕೊಂಬೆಗೆ ಹಗ್ಗ ಹಾಕಿ ಬಕೆಟ್ ಕಟ್ಟಿ ಕೇಜ್ ಮಾಡೋದು, ಒಬ್ಬ ವೈಂಡರ್, ಒಬ್ಬ ಬೆಲ್‌ಮ್ಯಾನ್, ಹಳೆ ಡಬ್ಬಿ ಮುಚ್ಚಳನೇ ಗಂಟೆ. ಬಕೆಟಲ್ಲಿ ಕಲ್ಲು ತುಂಬಿದ್ರೆ ಒಂದೇ ಗಂಟೆ. ಒಂದಿನ ಪಕ್ಕದ ಮನೆ ಕೋಳಿ ಹಿಡಿದು ಬಕೆಟಿಗೆ ಕೂರಿಸಿದ್ವಿ, ಆಗ ದೊಡ್ಡ ಚರ್ಚೆ, ಕೋಳಿಗೆ ಮೂರು ಬಡೀಬೇಕಾ ಒಂದು ಸಾಕಾ ಅಂತ. ಜೀವ ಇರೋದಕ್ಕೆಲ್ಲ ಮೂರು ಅಂತ ನಮ್ಮ ಅಣ್ಣ ತೀರ್ಪು ಕೊಟ್ಟ. ಮೂರು ಬಡಿದು, ಎತ್ತಿದ್ವಿ, ಅರ್ಧಕ್ಕೆ ಹೋಗೋದ್ರೊಳಗೆ ಕೋಳಿ ಹಾರಿ ನೇರ ಕೋಲಾರದ ಅತ್ತೆ ಹೆಂಚಿನ ಮೇಲೆ ಕೂತ್ಕೊಂತು.

ಕೋಲಾರದ ಅತ್ತೆ ಬಗ್ಗೆ ಹೇಳ್ಬೇಕು, ಯಾಕಂದ್ರೆ ಕೊನೆಗೆ ಅವರು ಬೇಕಾಗ್ತಾರೆ. ಅವರ ಯಜಮಾನ್ರು ಕೆಜಿಎಫ್‌ನಲ್ಲಿ ಕೆಲಸ ಕಲಿತು ನಮ್ಮಲ್ಲಿಗೆ ಬಂದಿದ್ರು. ಚಾಂಪಿಯನ್ ರೀಫಲ್ಲಿ ಮೂರು ಕಿಲೋಮೀಟರ್‌ಗಿಂತ ಆಳ ಇಳಿದೋರಿಗೆ ನಮ್ಮ ಇಂಗಳದಾಳ್ ಗಣಿ ಏನು, ಹಿತ್ತಲ ಬಾವಿ ಇದ್ದ ಹಾಗೆ. ಅಲ್ಲಿ ಕಲ್ಲೇ ಬಿಸಿ ಇರುತ್ತಮ್ಮ, ಕೈ ಇಡೋಕಾಗಲ್ಲ, ಒತ್ತಡ ತಾಳ್ದೆ ಗೋಡೆ ಸಿಡಿಯುತ್ತೆ ಅಂತ ಕಟ್ಟೆ ಮೇಲೆ ಕೂತು ಹೇಳೋರು, ನಾವು ಬಾಯಿ ಬಿಟ್ಕೊಂಡು ಕೇಳೋರು. ಇನ್ನೊಂದು ಜಂಬ ಅವರಿಗೆ, ಬೆಂಗಳೂರಿಗಿಂತ ಮೊದಲು ಕರೆಂಟ್ ಬಂದಿದ್ದು ನಮ್ಮ ಕೆಜಿಎಫ್‌ಗೆ ಅಂತ. ಅದು ನಿಜನೇ, 1902ರಲ್ಲಿ ಶಿವನಸಮುದ್ರದಿಂದ ತಂತಿ ಎಳೆದಿದ್ದು ಗಣಿಗೆ, ಬೆಂಗಳೂರಿಗೆ ಬೆಳಕು ಬಂದಿದ್ದು 1905ರಲ್ಲಿ. ಗಣಿ ಎಲ್ಲಿದ್ರೂ ಕರೆಂಟ್ ಮೊದಲು ಅದಕ್ಕೇ. ನಮ್ಮಲ್ಲೂ ಸುತ್ತ ಹಳ್ಳೀಲಿ ಕತ್ತಲಿದ್ದಾಗ ಶಾಫ್ಟ್ ಮೇಲಿನ ಲೈಟು ಉರೀತಿರೋದು, ದುರ್ಗದಿಂದ ಲೇಟಾಗಿ ಬಂದ್ರೆ ಆ ಲೈಟ್ ನೋಡ್ಕೊಂಡು ಮನೆ ಹತ್ರ ಬಂತು ಅನ್ಕೋತಿದ್ವಿ.

ಅತ್ತೆಗೂ ಅವ್ವಂಗೂ ಪ್ರಾಣ ಸ್ನೇಹ, ಒಂದು ವಿಷಯ ಬಿಟ್ಟು. ನಮ್ಮ ಕ್ವಾರ್ಟರ್ಸ್ ಹಿತ್ತಲ ಜಗಲೀಲಿ ಅವ್ವ ತೌರಿಂದ ತಂದ ಒಳಕಲ್ಲನ್ನ ಸಿಮೆಂಟ್ ಹಾಕಿ ಹೂತಿದ್ರು. ಅತ್ತೆ ಮನೇಲಿ ವಾರಕ್ಕೆ ಮೂರು ಸಲ ಇಡ್ಲಿ, ರುಬ್ಬೋಕೆ ನಮ್ಮ ಒಳಕಲ್ಲೇ. ರುಬ್ಬಲಿ, ಬೇಡ ಅನ್ನಲ್ಲ, ಆದ್ರೆ ರುಬ್ಬಿದ ಮೇಲೆ ಸರಿಯಾಗಿ ತೊಳೀತಿರ್ಲಿಲ್ಲ. ಅಂಚಲ್ಲಿ ಉದ್ದಿನಹಿಟ್ಟು ಒಣಗಿ ಅಂಟಿರೋದು. ಅವ್ವ ಎದುರಿಗೆ ಒಂದು ಮಾತೂ ಆಡ್ತಿರ್ಲಿಲ್ಲ, ಅವರು ಹೋದ ಮೇಲೆ ತೆಂಗಿನ ನಾರು ತಗೊಂಡು ಉಜ್ತಾ ಉಜ್ತಾ ಬೈಯೋಳು, ನಾವು ಜಗಳ ಆಡ್ತೀವಿ ಅಂದ್ರೂ ಅಷ್ಟು ಬೈತಿರ್ಲಿಲ್ಲ.

ಮನೆ ಕೆಲಸ ಎಲ್ಲ ಶಿಫ್ಟ್ ಲೆಕ್ಕದಲ್ಲೇ. ಮೂರು ಶಿಫ್ಟ್, ವಾರ ವಾರ ಬದಲಾಗೋದು, ಸೈರನ್ ಕೂಗಿದ್ರೆ ಅಡುಗೆ ಮನೆಗೆ ಗೊತ್ತಾಗೋದು. ಫಸ್ಟ್ ಶಿಫ್ಟ್ ವಾರ ಅಂದ್ರೆ ನಸುಕಲ್ಲಿ ರೊಟ್ಟಿ ಬಡಿಯೋ ಸದ್ದು ಒಂದು ಮನೆಯಿಂದ ಇನ್ನೊಂದು ಮನೆಗೆ ಸಾಲಾಗಿ ಹೋಗೋದು. ನೈಟ್ ಶಿಫ್ಟ್ ವಾರ ಹಗಲೆಲ್ಲ ಆ ಸಾಲೇ ಪಿಸುಮಾತಲ್ಲಿ ಬದುಕ್ತಿತ್ತು, ಮಿಕ್ಸಿ ಇರ್ಲಿಲ್ಲ ಪುಣ್ಯಕ್ಕೆ. ನಮ್ಮ ಮನೇಲಿ ಒಂದು ವಾರ ಮಧ್ಯಾಹ್ನ ಮುದ್ದೆ ಹುರುಳಿ ಸಾರು, ಇನ್ನೊಂದು ವಾರ ಅದೇ ಊಟ ರಾತ್ರಿ ಹತ್ತೂವರೆಗೆ. ಬ್ಲಾಸ್ಟಿಂಗ್ ಹೊತ್ತಿಗೆ ನೆಲ ಒಂದು ಸಲ ಗುಡುಗೋದು, ಹೆದರಿಕೆ ಆಗ್ತಿರ್ಲಿಲ್ಲ, ಶೆಲ್ಫಿನ ಸ್ಟೀಲ್ ಲೋಟ ಝಣ ಝಣ ಅಂತ ಒಂದಕ್ಕೊಂದು ತಾಗೋವು ಅಷ್ಟೇ. ಹಾಲಿನ ಪಾತ್ರೆ ಮಾತ್ರ ಯಾವ ಮನೇಲೂ ಶೆಲ್ಫಿನ ಅಂಚಿಗೆ ಇಡ್ತಿರ್ಲಿಲ್ಲ. ಮುಂದೆ ದಾವಣಗೆರೆಲಿ ಮದುವೆ ಆದ ಮೇಲೆ ನಾನು ಹಾಲಿನ ಪಾತ್ರೆನ ಗೋಡೆಗೆ ಒತ್ತಿ ಇಡೋದು ನೋಡಿ ನಮ್ಮ ಅತ್ತೆಯೋರು, ಅದೇನಮ್ಮ ಹಾಲು ಓಡೋಗುತ್ತಾ ಅಂತ ಕೇಳಿದ್ರು.

ಇಡೀ ಕಾಲೋನಿ ತಾಮ್ರ ತೆಗೆದ್ರೂ ನಮ್ಮ ಮನೇಲಿ ಇದ್ದ ತಾಮ್ರ ಅಂದ್ರೆ ಒಂದೇ ಒಂದು ಹಂಡೆ, ಬಚ್ಚಲ ಒಲೆ ಮೇಲೆ. ಅದಕ್ಕೆ ಶೇಂಗಾ ಹೊಟ್ಟಿನ ಉರಿ, ಶುಕ್ರವಾರ ಹುಣಸೆಹಣ್ಣು ಹಾಕಿ ತಿಕ್ಕೋದು ನನ್ನ ಕೆಲಸ. ಈ ಹಂಡೆಗೆ ಎಷ್ಟು ಕಲ್ಲು ಬೇಕು ಅಂತ ಅಪ್ಪಾಜಿನ ಕೇಳಿದ್ದೆ. ನೂರು ಕೆಜಿ ಕಲ್ಲಿಗೆ ಒಂದೆರಡು ಕೆಜಿ ತಾಮ್ರ ಸಿಕ್ರೆ ಹೆಚ್ಚು ಕಣವ್ವ ಅಂದ್ರು. ನಾನು ಕೂತು ಲೆಕ್ಕ ಹಾಕಿದೆ, ಒಂದು ಹಂಡೆಗೆ ಹತ್ತಿರ ಹತ್ತಿರ ಒಂದು ಟನ್ ಕಲ್ಲು. ಅದಾದ ಮೇಲೆ ಹಂಡೆ ತಿಕ್ಕುವಾಗ ಸ್ವಲ್ಪ ಮರ್ಯಾದೆ ಬಂತು.

ಮೇಲೆ ತಂದ ಕಲ್ಲು ಏನಾಗ್ತಿತ್ತು ಅಂತ ಕೇಳ್ತೀರ. ಮಿಲ್‌ಗೆ ಹೋಗೋದು, ಅಲ್ಲಿ ಒಡೆದು, ಕಬ್ಬಿಣದ ಗುಂಡು ಹಾಕಿದ ದೊಡ್ಡ ಪೀಪಾಯಿಲಿ ಹಿಟ್ಟಾಗೋವರೆಗೆ ಉರುಳಿಸಿ, ನೀರು ಕಲಸಿ, ಎಣ್ಣೆ ಔಷಧಿ ಹಾಕಿ ಗಾಳಿ ಊದೋರು. ಬುಸು ಬುಸು ನೊರೆ ಬರೋದು. ತಾಮ್ರದ ಕಣ ನೊರೆಗೆ ಅಂಟ್ಕೊಂಡು ಮೇಲೆ ಬರುತ್ತೆ, ಬರೀ ಕಲ್ಲಿನ ಹುಡಿ ಕೆಳಗೆ ಕೂರುತ್ತೆ. ಭಾರದ ತಾಮ್ರ ತೇಲಿ ಹಗುರದ ಕಲ್ಲು ಮುಳುಗೋದು, ನನಗೆ ಈಗ್ಲೂ ಆ ಚೋದ್ಯ ಹೋಗಿಲ್ಲ. ಅವ್ವಂಗೆ ಇದು ಒಂದೇ ಮಾತಿಗೆ ಅರ್ಥ ಆಗಿತ್ತು, ಬೆಣ್ಣೆ ಕಡೆದ ಹಾಗೆ ಅಂದ್ಲು. ನಾನು ಕ್ಲಾಸಲ್ಲಿ ನೊರೆ ಪ್ಲವನ ವಿಧಾನ ಅಂತ ಬೋರ್ಡ್ ಮೇಲೆ ಬರೆದು ಅರ್ಧ ಗಂಟೆ ಹೇಳೋದನ್ನ! ಆ ಮಿಲ್ ಕಡೆಯಿಂದ ಗಾಳಿ ಬೀಸಿದ್ರೆ ಒಂಥರ ಫಿನಾಯಿಲ್ ವಾಸನೆ, ಜತೆಗೆ ಕೊಳೆತ ಕೋಸಿನ ವಾಸನೆ. ಹೊಸಬರಿಗೆ ತಡೆಯೋಕಾಗ್ತಿರ್ಲಿಲ್ಲ, ನಮಗೆ ಅದು ಮನೆ ವಾಸನೆ. ತಾಮ್ರ ಅಲ್ಲಿ ಕರಗಿಸ್ತಿರ್ಲಿಲ್ಲ, ಆ ಹುಡಿನ ಲಾರಿಗೆ ತುಂಬಿ ಕಳಿಸೋರು.

ಸೈನ್ಸ್ ಟೀಚರ್ ಆಗಿದ್ದು ಯಾಕೆ ಅಂತ ಯಾರಾದ್ರೂ ಕೇಳಿದ್ರೆ ನಾನು ಹೇಳೋದು ಒಂದು ಬ್ಲೇಡಿನ ಕಥೆ. ಮಳೆಗಾಲದಲ್ಲಿ ಕಲ್ಲಿನ ಗುಡ್ಡೆ ಅಡಿಲಿ ಒಂದು ಹೊಂಡ ತುಂಬೋದು, ನೀರಿಗೆ ನೀಲಿ ಹಸಿರು ಛಾಯೆ, ದಂಡೆ ಕಲ್ಲಿನ ಮೇಲೆ ಹಸಿರು ಪುಡಿ. ಮುಟ್ಬೇಡಿ, ಕುಡೀಬೇಡಿ ಅಂತ ಎಲ್ಲ ಮನೇಲೂ ಹೇಳಿ ಕಳ್ಸೋರು, ಅಂದ್ರೆ ಮುಟ್ಟಲೇಬೇಕು ಅಂತ ತಾನೇ. ಅಪ್ಪಾಜಿ ಗಡ್ಡ ಕೆರೆದು ಎಸೆದ ಬ್ಲೇಡಿಗೆ ದಾರ ಕಟ್ಟಿ ನೀರಲ್ಲಿ ಇಳಿಬಿಟ್ಟು ಸ್ಕೂಲಿಗೆ ಹೋದೆ, ಸಂಜೆ ಎಳೆದು ನೋಡಿದ್ರೆ ಬ್ಲೇಡ್ ಕೆಂಪಗೆ, ಹೊಸ ಹಂಡೆ ಬಣ್ಣ! ಕಬ್ಬಿಣ ಚೂರು ಚೂರು ಕರಗಿ ನೀರೊಳಗೆ ಹೋಗಿ, ನೀರಲ್ಲಿದ್ದ ತಾಮ್ರ ಬಂದು ಬ್ಲೇಡ್ ಮೇಲೆ ಕೂತಿದೆ, ಹತ್ತನೇ ಕ್ಲಾಸ್ ಪುಸ್ತಕದಲ್ಲಿ ಸ್ಥಾನಪಲ್ಲಟ ಕ್ರಿಯೆ ಅಂತ ಬರುತ್ತಲ್ಲ ಅದೇ. ನಾನು ಆಗ ನಾಲ್ಕನೇ ಕ್ಲಾಸು, ಬ್ಲೇಡ್ ತಾಮ್ರ ಆಯ್ತು, ನಾವು ಸಾಹುಕಾರ್ರಾದ್ವಿ ಅಂತ ಓಡಿ ಬಂದೆ. ಅಪ್ಪಾಜಿ ಉಗುರಲ್ಲಿ ಕೆರೆದು ಒಳಗಿನ ಕಬ್ಬಿಣ ತೋರ್ಸಿದ್ರು. ಹೊಳೆಯೋ ಹಳದಿ ಕಲ್ಲು ತಂದು ಚಿನ್ನ ಅಂದಾಗ್ಲೂ ಹಾಗೇ, ಕಾಗೆ ಬಂಗಾರ ಅಂತ ಎಸೆದಿದ್ರು.

ಇನ್ನು ಬಿಲ್ಲೆ ವಿಷಯ. ಗಣಿಗೆ ಇಳಿಯೋ ಪ್ರತಿಯೊಬ್ಬರಿಗೂ ಒಂದು ಹಿತ್ತಾಳೆ ಟೋಕನ್, ಅವ್ವ ಅದನ್ನ ಬಿಲ್ಲೆ ಅಂತಿದ್ಲು. ಐದು ಪೈಸೆಗಿಂತ ಸ್ವಲ್ಪ ದೊಡ್ಡದು, ಮೇಲೆ ಒಂದು ತೂತು, ನಂಬರ್ ಕೊರೆದಿರೋದು, ಅಪ್ಪಾಜಿದು 217. ಇಳಿಯುವಾಗ ಬೋರ್ಡಿನ ಮೊಳೆಯಿಂದ ತಗೊಂಡು ಜೇಬಿಗೆ ಹಾಕ್ಕೋಬೇಕು, ಮೇಲೆ ಬಂದ ತಕ್ಷಣ ವಾಪಸ್ ಮೊಳೆಗೆ. ಮೊಳೆ ಖಾಲಿ ಇದೆ ಅಂದ್ರೆ ಆ ಮನುಷ್ಯ ಇನ್ನೂ ಕೆಳಗಿದಾನೆ ಅಂತ ಲೆಕ್ಕ, ಅವನು ಎದುರಿಗೆ ನಿಂತಿದ್ರೂ ಅಷ್ಟೇ.

ಒಂದಿನ ಸೆಕೆಂಡ್ ಶಿಫ್ಟು, ಜೋರು ಮಳೆ. ಬೆಲ್‌ಮ್ಯಾನ್ ಅಲ್ವಾ, ಎಲ್ಲರನ್ನೂ ಹತ್ತಿಸಿ ಕೊನೇಲಿ ಮೇಲೆ ಬರೋರು ಅಪ್ಪಾಜಿ. ಬಂದ್ರು, ತಲೆ ಲ್ಯಾಂಪ್ ಕೊಟ್ರು, ಮಳೇಲಿ ಓಡೋ ಗಡಿಬಿಡಿಲಿ ಬಿಲ್ಲೆ ಜೇಬಲ್ಲೇ ಉಳೀತು. ಮನೆಗೂ ಬರ್ಲಿಲ್ಲ, ದಾರೀಲಿ ಮಾರಮ್ಮನ ಗುಡೀಲಿ ಭಜನೆ ನಡೀತಿತ್ತು, ಮಳೆ ನಿಲ್ಲಲಿ ಅಂತ ಹೋಗಿ ಕಂಬಕ್ಕೆ ಒರಗಿದೋರು ಅಲ್ಲೇ ನಿದ್ದೆ. ಇತ್ತ ಬೋರ್ಡಲ್ಲಿ 217 ಖಾಲಿ. ಲ್ಯಾಂಪ್ ಬಂದಿದೆ, ಬಿಲ್ಲೆ ಬಂದಿಲ್ಲ. ಲ್ಯಾಂಪನ್ನ ಬೇರೆ ಯಾರೋ ತಂದು ಕೊಟ್ಟಿರಬಹುದಲ್ಲ, ನಂಬೋದು ಬಿಲ್ಲೆನೇ. ಬ್ಲಾಸ್ಟಿಂಗ್ ನಿಲ್ಸಿದ್ರು, ಇಬ್ಬರು ವಾಪಸ್ ಕೆಳಗೆ ಹುಡುಕೋಕೆ ಹೋದ್ರು, ಇನ್ನಿಬ್ಬರು ನಮ್ಮ ಮನೆಗೆ ಬಂದ್ರು.

ನನಗೆ ಆಗ ಒಂಬತ್ತು ವರ್ಷ ಇರ್ಬೇಕು. ಹನ್ನೊಂದು ಗಂಟೆ ರಾತ್ರಿ, ಬಾಗಿಲು ತೆಗೆದ್ರೆ ಹೆಲ್ಮೆಟ್ ಹಾಕ್ಕೊಂಡ ಇಬ್ಬರು, ಮೈಯಿಂದ ನೀರು ಸುರೀತಿದೆ. ಅಕ್ಕ, ಅಣ್ಣ ಮನೆಗೆ ಬಂದ್ರಾ ಅಂತ ಒಬ್ಬರು ಕೇಳಿದ್ರು, ಇನ್ನೊಬ್ಬರು ನೆಲ ನೋಡ್ತಿದ್ರು. ಅವ್ವ ಇಲ್ಲ ಅಂದ್ಲು. ಅಷ್ಟೇ ಅಂದಿದ್ದು. ಅವಳು ಕೂಗ್ಲಿಲ್ಲ, ಅಳ್ಲಿಲ್ಲ, ಒಳಗೆ ಬಂದು ಒಲೆ ಮೇಲಿದ್ದ ಸಾರು ಇಳಿಸಿದ್ಲು, ಮತ್ತೆ ಒಲೆ ಮೇಲಿಟ್ಲು, ಮತ್ತೆ ಇಳಿಸಿದ್ಲು. ಕೋಲಾರದ ಅತ್ತೆ ಬಂದು ಅವಳ ಕೈಯಿಂದ ಪಾತ್ರೆ ಇಸ್ಕೊಂಡ್ರು. ಸಾಲಿನ ಎಲ್ಲ ಮನೆ ಲೈಟು ಹತ್ತಿತು, ಹೆಂಗಸರು ಮಳೇಲೇ ಬಂದು ಜಗಲಿ ಮೇಲೆ ನಿಂತ್ರು, ಒಬ್ಬರೂ ಮಾತಾಡಲ್ಲ. ನಾನು ಆ ಮೌನ ಇನ್ನೆಲ್ಲೂ ಕೇಳಿಲ್ಲ.

ಒಂದು ಗಂಟೆ ಆದ ಮೇಲೆ ಭಜನೆ ಮುಗಿಸಿದೋರು ಎಬ್ಬಿಸಿ ಕಳಿಸಿದ್ರು, ಅಪ್ಪಾಜಿ ಕಣ್ಣುಜ್ಜಿಕೊಂಡು ಬಂದ್ರು. ಮನೆ ಮುಂದೆ ಇಷ್ಟು ಜನ ನೋಡಿ ಅವರೇ ಗಾಬರಿ ಆಗಿ, ಯಾರಿಗೇನಾಯ್ತು ಅಂತ ಕೇಳಿದ್ರು. ಆಮೇಲೆ ಜೇಬು ಮುಟ್ಕೊಂಡ್ರು. ಬಿಲ್ಲೆ ಹಿಡ್ಕೊಂಡು ಮಳೇಲಿ ಬರಿಗಾಲಲ್ಲಿ ಲ್ಯಾಂಪ್ ರೂಮಿನ ಕಡೆ ಓಡಿದ್ದು ಈಗ್ಲೂ ಕಣ್ಣ ಮುಂದಿದೆ, ಅಷ್ಟು ಹೊತ್ತು ಕೆಳಗೆ ಇಬ್ಬರು ಇವರ ಹೆಸರು ಕೂಗ್ತಾ ತಿರುಗ್ತಿದ್ರು. ಮಾರನೇ ದಿನ ಬೈಸ್ಕೊಂಡ್ರು, ತಪ್ಪು ಪೂರ್ತಿ ಅವರದೇ, ಅವರೂ ಹಾಗೇ ಹೇಳೋರು. ಆ ರಾತ್ರಿ ಅವ್ವ ಬೈಲಿಲ್ಲ. ತಟ್ಟೆ ಹಾಕಿದ್ಲು, ಮುದ್ದೆ ಇಟ್ಲು, ಅಪ್ಪಾಜಿ ಏನೋ ಹೇಳೋಕೆ ಬಾಯಿ ತೆಗೆದಾಗ ಸೌಟಲ್ಲಿ ಟಣ್ ಅಂತ ಒಂದು ಬಡಿದ್ಲು. ಅವತ್ತಿಂದ ಶಿಫ್ಟ್ ಮುಗಿಸಿ ಬಂದ್ರೆ ಹೊಸ್ತಿಲಲ್ಲಿ ನಿಂತು ಅಂಗಿ ಜೇಬು, ಪ್ಯಾಂಟ್ ಜೇಬು ಎರಡೂ ಹೊರಕ್ಕೆ ಎಳೆದು ತೋರಿಸ್ಬೇಕಿತ್ತು, ಆಮೇಲೆ ಊಟ. ನೆಂಟರಿದ್ರೂ ಬಿಡ್ತಿರ್ಲಿಲ್ಲ. ನೋಡಿದೋರು ಇವಳು ಗಂಡನ ಸಂಬಳ ತಪಾಸಣೆ ಮಾಡ್ತಾಳೆ ಅಂತ ತಿಳ್ಕೊಂಡಿದ್ರು.

ಅವ್ವ ಗಣಿ ಒಳಗೆ ಒಂದು ಸಲನೂ ಇಳಿದೋಳಲ್ಲ, ಇಳಿಯೋಕೆ ಕಾನೂನೇ ಬಿಡ್ತಿರ್ಲಿಲ್ಲ. 1952ರ ಗಣಿ ಕಾಯ್ದೆ ಪ್ರಕಾರ ಹೆಂಗಸರು ನೆಲದಡಿ ಕೆಲಸ ಮಾಡೋ ಹಾಗಿರ್ಲಿಲ್ಲ, 2019ರಲ್ಲಿ ಸಡಿಲ ಮಾಡಿದ್ದು, ಅದೂ ಟೆಕ್ನಿಕಲ್, ಸೂಪರ್‌ವೈಸರ್ ಥರದ ಕೆಲಸಕ್ಕೆ, ಷರತ್ತು ಹಾಕಿ. ನಮಗೆ ಗಣಿ ಹತ್ರದಿಂದ ಕಾಣ್ತಿದ್ದಿದ್ದು ಆಯುಧ ಪೂಜೆಗೆ ಮಾತ್ರ. ಕೇಜಿಗೆ ಬಾಳೆಕಂಬ, ಮಾವಿನ ತೋರಣ, ಮೆಷಿನ್ನಿಗೆಲ್ಲ ವಿಭೂತಿ ಕುಂಕುಮ, ಬೂದುಗುಂಬಳಕಾಯಿ ಒಡೆದು ಮಂಡಕ್ಕಿ ಹಂಚೋರು, ಮನೆ ಮಂದಿನೆಲ್ಲ ವೈಂಡರ್ ಮನೆಗೆ ಬಿಡೋರು. ಅಲ್ಲಿ ಮೆಷಿನ್ ನಡೆಸೋ ಮಾಮ ಅವ್ವನ ನೋಡಿ ಹೇಳಿದ್ದು, ಅಕ್ಕ, ಕತ್ತಲಲ್ಲಿ ನಿಮ್ಮ ಯಜಮಾನ್ರ ಮುಖ ನೋಡಿದ್ರೆ ಗುರುತು ಸಿಗ್ತೈತೋ ಇಲ್ವೋ, ಅವರ ಗಂಟೆ ಮಾತ್ರ ಸಾವಿರದಲ್ಲಿ ಕಂಡ್ಹಿಡೀತೀನಿ, ಮೂರನೇದು ಒಂಚೂರು ತಡೆದು ಬಡೀತಾರೆ ಅಂತ. ಅವ್ವ ಮನೆಗೆ ಬಂದು ಅಪ್ಪಾಜಿನ ಕೇಳಿದ್ಲು, ಯಾಕ್ರೀ ಮೂರನೇದು ತಡೆದು ಬಡೀತೀರಿ ಅಂತ. ಅಪ್ಪಾಜಿಗೆ ಹಾಗೆ ಬಡೀತಿದ್ದೀನಿ ಅನ್ನೋದೇ ಗೊತ್ತಿರ್ಲಿಲ್ಲ. ಯೋಚ್ನೆ ಮಾಡಿ, ಇನ್ನೊಂದು ಸಲ ತಲೆ ಎಣಿಸ್ತೀನಿ ಇರ್ಬೇಕು ಅಂದ್ರು.

ಗಣಿ ಒಂದೇ ದಿನ ಮುಚ್ಚಲಿಲ್ಲ. ತಾಮ್ರದ ರೇಟ್ ನಿರ್ಧಾರ ಆಗೋದು ಲಂಡನ್ನಿನ ಮಾರ್ಕೆಟಲ್ಲಿ, 1991ರ ನಂತರ ಹೊರಗಿನ ತಾಮ್ರ ಸಲೀಸಾಗಿ ಬರೋಕೆ ಶುರುವಾಯ್ತು, ನೂರಕ್ಕೆ ಒಂದೆರಡು ಕೆಜಿ ಕೊಡೋ ಕಲ್ಲನ್ನ ಅಷ್ಟು ಆಳದಿಂದ ಎತ್ತಿ ಪೂರೈಸೋಕಾಗಲ್ಲ ಅಂತ ದೊಡ್ಡೋರು ಕಟ್ಟೆ ಮೇಲೆ ಮಾತಾಡೋರು. ಮನೆಗೆ ಗೊತ್ತಾಗಿದ್ದು ಬೇರೆ ಥರ. ಶೆಲ್ಫಿನ ಲೋಟ ಅಲ್ಲಾಡೋದು ಕಮ್ಮಿ ಆಯ್ತು. ಅವ್ವ ಒಂದಿನ, ಈ ವಾರ ಲೋಟ ಎರಡೇ ಸಲ ಸದ್ದು ಮಾಡಿದ್ದು ಅಂದ್ಲು, ಅಪ್ಪಾಜಿ ಹ್ಞೂಂ ಅಂದ್ರು, ಇನ್ನೇನೂ ಮಾತಿಲ್ಲ. ಕೆಲವರು ಹಟ್ಟಿಗೆ ಹೋದ್ರು, ಕೆಲವರು ಊರಿಗೆ, ನಮ್ಮ ಥರದೋರು ದಾವಣಗೆರೆಗೆ, ಮಿಲ್ಲಲ್ಲಿ ಕೆಲಸ ಸಿಗುತ್ತೆ ಅಂತ. ಬಂದ್ರೆ ಇಲ್ಲಿ ಕಾಟನ್ ಮಿಲ್ಲುಗಳೂ ಒಂದೊಂದೇ ಬಾಗಿಲು ಹಾಕ್ತಿದ್ವು, ನಿಮಗೇ ನನಗಿಂತ ಚೆನ್ನಾಗಿ ಗೊತ್ತು ಆ ಕಥೆ. ಅಪ್ಪಾಜಿ ಒಂದು ಗೋಡೌನಲ್ಲಿ ವಾಚ್‌ಮ್ಯಾನ್ ಆದ್ರು. ಗಣಿ ನಿಂತ್ರೆ ಪಂಪ್ ನಿಲ್ಲುತ್ತೆ, ಪಂಪ್ ನಿಂತ್ರೆ ನೀರು ತಾನಾಗೇ ಏರುತ್ತೆ. 2001ರ ಫೆಬ್ರವರಿ 28ಕ್ಕೆ ಕೆಜಿಎಫ್ ಮುಚ್ಚಿದ ಸುದ್ದಿ ಪೇಪರಲ್ಲಿ ಬಂದಾಗ ಅಪ್ಪಾಜಿ ಕೇಳಿದ್ದು ಒಂದೇ, ಪಂಪ್ ನಿಲ್ಸಿದ್ರಾ ಇಲ್ವಾ ಬರೆದಿದಾರಾ ನೋಡು ಅಂತ.

ಕೊನೇ ಶಿಫ್ಟ್ ದಿನ ಅವರು ಬಿಲ್ಲೆ ಮನೆಗೆ ತಂದ್ರು, ಯಾರೂ ವಾಪಸ್ ಕೇಳ್ಲಿಲ್ವಂತೆ. ಹೊಸ್ತಿಲಲ್ಲಿ ಅಭ್ಯಾಸಕ್ಕೆ ಜೇಬು ಹೊರಗೆ ಎಳೆದ್ರು, 217 ಕೆಳಗೆ ಬಿತ್ತು. ಅವ್ವ ಅದನ್ನ ಒಳಗೆ ತರೋಕೆ ಬಿಡ್ಲೇ ಇಲ್ಲ. ಬಿಲ್ಲೆ ಮನೇಲಿದ್ರೆ ಮನುಷ್ಯ ಕೆಳಗಿದ್ದ ಹಾಗೆ, ಬೇಡ ಅಂದ್ಲು. ಅಪ್ಪಾಜಿ ಅದನ್ನ ಬೇವಿನ ಮರಕ್ಕೆ ಹೊಡೆದಿದ್ದ ಮೊಳೆಗೆ ನೇತು ಹಾಕಿದ್ರು, ನಾವು ಲಗೇಜ್ ಕಟ್ಕೊಂಡು ಬರೋವರೆಗೂ ಅಲ್ಲೇ ಇತ್ತು.

ಅಪ್ಪಾಜಿ ಹೋಗಿ ಆರು ವರ್ಷ ಆಯ್ತು. ಹೋದ ವರ್ಷ ನಾಯಕನಹಟ್ಟಿ ಜಾತ್ರೆಗೆ ಅವ್ವನ ಕರ್ಕೊಂಡು ಹೋಗಿದ್ವಿ, ತಿಪ್ಪೇರುದ್ರಸ್ವಾಮಿ ತೇರಿಗೆ ಒಣಕೊಬ್ಬರಿ ಸುಟ್ಟು ಬರುವಾಗ ಅವಳೇ ಹೇಳಿದ್ಲು, ಕಾಪ್ರ ಮೈನಿನ ಕಡೆ ತಿರುಗ್ಸು ಅಂತ. ಗುಡ್ಡದ ಮೇಲೆಲ್ಲ ಈಗ ಗಾಳಿ ಫ್ಯಾನು ತಿರುಗ್ತಿದಾವೆ, ಅದರ ಜನರೇಟರ್ ಒಳಗೂ ಸುತ್ತಿರೋದು ತಾಮ್ರದ ತಂತಿನೇ, ಅದು ಯಾವ ದೇಶದ ಗಣಿದೋ. ನಮ್ಮ ಸಾಲಲ್ಲಿ ಹೆಂಚಿಲ್ಲ, ಬಾಗಿಲು ಕಿಟಕಿ ಇಲ್ಲ, ಜಾಲಿ ಬೆಳ್ಕೊಂಡಿದೆ. ಬೇವಿನ ಮರ ಇತ್ತು, ಮೊಳೆ ಸಿಗ್ಲಿಲ್ಲ, ಮರ ದಪ್ಪ ಆಗಿ ಒಳಗೆ ನುಂಗಿರಬಹುದು. ಹಿತ್ತಲ ಜಗಲೀಲಿ ಒಳಕಲ್ಲು ಹೂತಿದ್ದ ಜಾಗದಲ್ಲೇ ಇತ್ತು, ಮಳೆ ನೀರು ನಿಂತು ಒಂದು ಮೇಕೆ ಕುಡೀತಿತ್ತು. ಗುಂಡು ಪಕ್ಕದಲ್ಲೇ ಬಿದ್ದಿತ್ತು.

ಅವ್ವ ಮೇಕೆ ಓಡಿಸಿ, ಸೆರಗು ಸಿಕ್ಕಿಸಿ ಕೂತು ಒಳಕಲ್ಲಿನ ಅಂಚು ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡಿದ್ಲು. ಕಿತ್ತು ತಗೊಂಡು ಹೋಗೋಣ ಅಂತ ನಮ್ಮ ಅಣ್ಣ ಸನ್ನೆಗೋಲು ಹುಡುಕಿದ, ಸಿಮೆಂಟ್ ಜಗ್ಲಿಲ್ಲ. ಬಿಡು ಅಂದ್ಲು, ಗುಂಡು ಎತ್ಕೋ. ಒಳಕಲ್ಲು ಇಲ್ದೆ ಬರೀ ಗುಂಡು ತಗೊಂಡು ಏನ್ ಮಾಡ್ತೀಯವ್ವ, ಅಲ್ಲದೆ ನಿಂಗೆ ಮನೇಲಿ ಗ್ರೈಂಡರ್ ಐತಲ್ಲ ಅಂದೆ. ಇಲ್ಲೇ ಬಿಟ್ರೆ ಆ ಕೋಲಾರದೋಳು ಬಂದು ರುಬ್ತಾಳೆ, ತೊಳೆಯೋದೂ ಇಲ್ಲ ಅಂದ್ಲು. ಕೋಲಾರದ ಅತ್ತೆ ತೀರ್ಕೊಂಡು ಎಷ್ಟೋ ವರ್ಷ ಆಗಿದೆ, ಆ ಸುದ್ದಿ ಬಂದ ದಿನ ಅವ್ವ ಊಟ ಬಿಟ್ಟಿದ್ಲು. ಗುಂಡನ್ನ ಡಿಕ್ಕಿಗೆ ಹಾಕೋಕೂ ಬಿಡ್ಲಿಲ್ಲ, ಸೆರಗಲ್ಲಿ ಒರೆಸಿ ತೊಡೆ ಮೇಲಿಟ್ಕೊಂಡು ದಾವಣಗೆರೆವರೆಗೂ ಕೂತಿದ್ಲು, ಕಾರು ಹೊರಡ್ಲಿ ಅಂತ ಮುಂದಿನ ಸೀಟಿಗೆ ಬೆರಳಲ್ಲಿ ಮೂರು ಸಲ ಬಡಿದ್ಲು, ಮೂರನೇದು ಒಂಚೂರು ತಡೆದು.